ಆನೆ ಪಟಾಕಿಗೆ ಎದ್ದು ಕೂರುವವರು

ಪ್ರಶ್ನೆ: ನಮ್ಮ ಯಜಮಾನರು 17 ವರ್ಷ ಮಿಲಿಟ್ರಿಯಲ್ಲಿದ್ದು ಊರಿಗೆ ಬಂದು ನಾಲ್ಕು ವರ್ಷವಾಯಿತು. ಕಾಶ್ಮೀರದಲ್ಲಿದ್ದ ದಿನಗಳ ಬಗ್ಗೆ ಬಾಯಿ ಬಿಡುವುದಿಲ್ಲ. ರಾತ್ರಿ ಆನೆ ಓಡಿಸಲು ಪಟಾಕಿ ಹೊಡೆದರೆ ಎದ್ದು ಗೋಡೆಗೆ ಒರಗಿ ಬೆಳಗಿನವರೆಗೂ ಕೂರುತ್ತಾರೆ. ಅತ್ತೆ ತೀರಿಕೊಂಡಾಗ ಒಂದು ಹನಿ ಕಣ್ಣೀರು ಹಾಕಲಿಲ್ಲ. ಸೌದೆ, ಊಟ, ದುಡ್ಡಿನ ಲೆಕ್ಕ ನೋಡಿಕೊಂಡು ಓಡಾಡಿದರು. ‘ಮಿಲಿಟ್ರಿಯವರ ಮನಸ್ಸು ಕಲ್ಲು’ ಅಂತ ನೆಂಟರು ಆಡಿಕೊಂಡರು. ಸೈನ್ಯಕ್ಕೆ ಹೋದರೆ ಭಾವನೆಗಳೇ ಸತ್ತುಹೋಗುತ್ತವಾ?
– ಓದುಗರೊಬ್ಬರು, ಆಲೂರು ತಾಲ್ಲೂಕು

ಉತ್ತರ: ಇಲ್ಲ ತಂಗಿ, ಸಾಯುವುದಿಲ್ಲ. ಬೇರೆಯವರ ಮಾತು ಬೇಡ, ನನ್ನದೇ ಹೇಳುತ್ತೇನೆ.

1999ರಲ್ಲಿ ಕಾರ್ಗಿಲ್ ಯುದ್ಧದ ಹೊತ್ತಿಗೆ ದ್ರಾಸ್ ಕಡೆ ನಾನು ಸೈನ್ಯದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದೆ. ಆ ಯುದ್ಧದಲ್ಲಿ ನಮ್ಮ 527 ಜನ ಹೋದರು. ಗಾಯಗೊಂಡವರು 1,300ಕ್ಕೂ ಜಾಸ್ತಿ. ಒಂದು ಬೆಳಗಿನ ಜಾವ ಗುಡ್ಡದ ಮೇಲಿಂದ ಒಬ್ಬ ಹುಡುಗನನ್ನು ಹೊತ್ತು ತಂದರು. ಬೂಟಿನ ದಾರ ಕತ್ತರಿಸುತ್ತಿದ್ದೆ, ಅವನು ನನ್ನ ಮಣಿಕಟ್ಟು ಹಿಡಿದುಕೊಂಡ. ಬಿಡಲೇ ಇಲ್ಲ. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಡ್ರಿಪ್ ಹಾಕಿ, ಪಕ್ಕದ ಸ್ಟ್ರೆಚರ್‌ಗೆ ಹೋದೆ. ನಾನು ಅಳುತ್ತಾ ನಿಂತಿದ್ದರೆ ಅಲ್ಲಿದ್ದವನ ರಕ್ತ ಯಾರು ನಿಲ್ಲಿಸಬೇಕಿತ್ತು? ಅದೇ ರಾತ್ರಿ ಅವ್ವನಿಗೆ ಇನ್‌ಲ್ಯಾಂಡ್ ಲೆಟರ್ ಬರೆದೆ: ‘ನಾನು ಕ್ಷೇಮ. ಇಲ್ಲಿ ಚಳಿ ಸ್ವಲ್ಪ ಜಾಸ್ತಿ.’

ಅಳು ಬಂದದ್ದು ಎರಡು ವರ್ಷದ ಮೇಲೆ, ಹಾಸನದಿಂದ ಬೇಲೂರಿಗೆ ಬರುವ ಬಸ್ಸಿನಲ್ಲಿ. ಪಕ್ಕದ ಸೀಟಿನ ಮಗು ನಿದ್ದೆಗಣ್ಣಲ್ಲಿ ನನ್ನ ಮಣಿಕಟ್ಟು ಹಿಡಿಯಿತು. ಅಷ್ಟೇ.

ದುಃಖ, ಭಯ ಎಲ್ಲವನ್ನೂ ಬದಿಗಿಟ್ಟು ಕೈಯಲ್ಲಿರುವ ಕೆಲಸ ಮಾಡುವುದನ್ನು ಸೈನ್ಯ ನಮಗೆ ಚೆನ್ನಾಗಿ ಕಲಿಸುತ್ತದೆ. ಬದಿಗಿಟ್ಟಿದ್ದನ್ನು ಮತ್ತೆ ಎತ್ತಿಕೊಳ್ಳುವುದು ಹೇಗೆ ಅಂತ ನನಗಂತೂ ಯಾರೂ ಕಲಿಸಲಿಲ್ಲ. ಸಾವಿನ ಮನೆಯಲ್ಲಿ ನಿಮ್ಮವರು ಸೌದೆ ನೋಡಿಕೊಂಡದ್ದು ಆ ಅಭ್ಯಾಸದಿಂದ, ತಾಯಿಯ ಮೇಲೆ ಪ್ರೀತಿ ಇಲ್ಲದೆ ಅಲ್ಲ. ನೆಂಟರ ಮಾತು ನನಗೆ ನಿಜಕ್ಕೂ ನೋವು ತಂದಿತು.

ನಮ್ಮ ಜಿಲ್ಲೆಯಲ್ಲಿ ಎಷ್ಟೊಂದು ವೀರಗಲ್ಲುಗಳಿವೆ, ನೋಡಿರುತ್ತೀರಿ. ಕೆಳಗೆ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುತ್ತಾರೆ. ಮೇಲೆ ಅವನು ಶಿವಲಿಂಗದ ಹತ್ತಿರ ಕೂತಿರುತ್ತಾನೆ. ಅದು ಸತ್ತವನ ಕಲ್ಲು. ಬದುಕಿ ಮನೆಗೆ ಬಂದವನು ರಾತ್ರಿ ಹೇಗೆ ಮಲಗಿದ ಅನ್ನುವುದನ್ನು ಯಾರೂ ಕೆತ್ತಲಿಲ್ಲ. ಆಗಲೂ ಅದನ್ನು ಕಂಡಿದ್ದವಳು ನಿಮ್ಮ ಹಾಗೆ ಮನೆಯಾಕೆ ಒಬ್ಬಳೇ ಇರಬೇಕು.

ಮೊದಲ ಮಹಾಯುದ್ಧದಲ್ಲಿ ಇಂಥದ್ದಕ್ಕೆ ‘ಶೆಲ್ ಶಾಕ್’ ಅಂದರು. ಎಷ್ಟೋ ಸಿಪಾಯಿಗಳನ್ನು ಹೇಡಿಗಳು ಅಂತಲೂ ಬೈದರು. 1980ರಲ್ಲಿ ಅಮೆರಿಕದ ಮನೋವೈದ್ಯರು ಇದನ್ನು ಪಿಟಿಎಸ್‌ಡಿ (ದೊಡ್ಡ ಆಘಾತ ಕಂಡ ಮೇಲೆ ಮನಸ್ಸಿನಲ್ಲಿ ಉಳಿಯುವ ತೊಂದರೆ) ಎಂಬ ಹೆಸರಲ್ಲಿ ಕಾಯಿಲೆಗಳ ಪಟ್ಟಿಗೆ ಸೇರಿಸಿದರು. ನಿಮ್ಮವರಿಗೆ ಇರುವುದು ಅದೇನಾ ಅಂತ ಡಾಕ್ಟರೇ ನೋಡಿ ಹೇಳಬೇಕು. ಅದಕ್ಕೆ ಚಿಕಿತ್ಸೆ ಇದೆ, ಗುಣ ಕಂಡವರೂ ಇದ್ದಾರೆ. 14416ಕ್ಕೆ ಫೋನ್ ಮಾಡಿ. ಅದು ಮನಸ್ಸಿನ ತೊಂದರೆಗೆ ಇರುವ ಸರ್ಕಾರದ ಸಹಾಯವಾಣಿ, ಟೆಲಿ ಮಾನಸ್. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲು ನೀವೇ ಮಾತಾಡಬಹುದು. ಕುಡಿತ ಜಾಸ್ತಿಯಾಗಿದ್ದರೆ, ‘ಬದುಕಿ ಏನು ಮಾಡಲಿ’ ಅನ್ನುವ ಮಾತು ಬಂದಿದ್ದರೆ, ಇವತ್ತೇ ಮಾಡಿ.

ಇನ್ನು ಪಟಾಕಿ. ಹತ್ತಿರದಲ್ಲಿ ಆನೆ ಇದೆ ಅಂತ ಮೊಬೈಲಿಗೆ ಮೆಸೇಜ್ ಬಂದ ಕೂಡಲೇ ಅವರಿಗೆ ಹೇಳಿಬಿಡಿ, ‘ಇವತ್ತು ರಾತ್ರಿ ಹೊಡೆಯಬಹುದು’ ಅಂತ. ಗೊತ್ತಿದ್ದು ಕೇಳುವ ಸದ್ದು ಬೇರೆ, ನಿದ್ದೆಯಲ್ಲಿ ಬಡಿಯುವ ಸದ್ದು ಬೇರೆ. ಎದ್ದು ಕೂತಾಗ ಮೈ ಮುಟ್ಟಿ ಅಲುಗಾಡಿಸಬೇಡಿ. ದೀಪ ಹಾಕಿ, ಸ್ವಲ್ಪ ದೂರದಿಂದಲೇ ಮಾತಾಡಿಸಿ, ‘ಆನೆಗೆ ಹೊಡೆದದ್ದು, ನಾವು ಮನೆಯಲ್ಲಿದ್ದೀವಿ’ ಅನ್ನಿ. ಕಾಶ್ಮೀರದ ವಿಷಯ ಕೆದಕಿ ಕೇಳಬೇಡಿ. ನನ್ನ ಹೆಂಡತಿ ಏನೂ ಕೇಳದೆ ಕಾಫಿ ಕಾಸಿ ತಂದು ಪಕ್ಕದಲ್ಲಿ ಕೂರುತ್ತಿದ್ದಳು.

ಅವರು ಒಪ್ಪಿದರೆ ಪತ್ರಿಕೆಯವರ ಹತ್ತಿರ ನನ್ನ ನಂಬರ್ ತೆಗೆದುಕೊಳ್ಳಿ. ಆಲೂರು ದೂರವೇನಲ್ಲ. ಒಂದು ಭಾನುವಾರ ನಾನೇ ಬರುತ್ತೇನೆ.