ರಾಜರ ಚರಿತ್ರೆ ಬರೆದ ಬಿಷಪ್‌ಗಳನ್ನು ನಂಬಬಹುದಾ?

ಪ್ರಶ್ನೆ: ಮಧ್ಯಯುಗದ ಸ್ಪೇನಿನಲ್ಲಿ ರಾಜರ ಇತಿಹಾಸ ಬರೆದವರು ಹೆಚ್ಚಾಗಿ ಪಾದ್ರಿಗಳು, ಬಿಷಪ್‌ಗಳು ಅಂತ ಓದಿದೆ. ಅವರೇ ಯಾಕೆ ಬರೆದರು? ಅವರು ಬರೆದದ್ದನ್ನು ನಂಬಬಹುದಾ?

ಉತ್ತರ: ಲ್ಯಾಟಿನ್ ಚೆನ್ನಾಗಿ ಬರುತ್ತಿದ್ದದ್ದು ಅವರಿಗೆ, ಹಳೆಯ ಕಾಗದಪತ್ರ ಇದ್ದದ್ದೂ ಹೆಚ್ಚಾಗಿ ಚರ್ಚು, ಮಠಗಳಲ್ಲೇ. ಜೊತೆಗೆ ಹಲವರು ಆಸ್ಥಾನದಲ್ಲಿ ಓಡಾಡಿಕೊಂಡಿದ್ದವರು. ಟೊಲೆಡೊದ ಆರ್ಚ್‌ಬಿಷಪ್ ರೊಡ್ರಿಗೊ ಹಿಮೆನೆಸ್ ದೆ ರಾದಾ ಅವರನ್ನೇ ನೋಡಿ. 1212ರಲ್ಲಿ ಮುಸ್ಲಿಂ ಸೈನ್ಯದ ವಿರುದ್ಧ ನಡೆದ ಲಾಸ್ ನಾವಾಸ್ ದೆ ಟೊಲೊಸಾ ಯುದ್ಧದಲ್ಲಿ ಅವರು 8ನೇ ಆಲ್ಫೊನ್ಸೊ ರಾಜನ ಜೊತೆಗೇ ಇದ್ದರು, ಮುಂದೆ ರಾಜ 3ನೇ ಫರ್ನಾಂಡೊ ಹೇಳಿ ಬರೆಸಿದ ಸ್ಪೇನಿನ ದೊಡ್ಡ ಇತಿಹಾಸವನ್ನು 1243ರಲ್ಲಿ ಮುಗಿಸಿದಾಗ ಆ ಯುದ್ಧವನ್ನೂ ಕಣ್ಣಾರೆ ಕಂಡವರಾಗಿ ಅದರಲ್ಲಿ ಬರೆದರು. ಅರಬರ ಚರಿತ್ರೆಗೇ ಬೇರೊಂದು ಪುಸ್ತಕ ಬರೆದರು. ಶತ್ರುಗಳ ಕಥೆಯನ್ನೂ ಕೂತು ಬರೆದರಲ್ಲ, ಅದು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ಇನ್ನು ನಂಬುವ ಮಾತು. ಬಿಷಪ್ ಅಂದಮೇಲೆ ತನ್ನ ಪೀಠದ ಮೇಲೆ ಅಭಿಮಾನ ಇದ್ದೇ ಇರುತ್ತದೆ, ಅಲ್ವಾ? 12ನೇ ಶತಮಾನದ ಶುರುವಿನಲ್ಲಿ ಒವಿಯೆಡೊದ ಬಿಷಪ್ ಪೆಲಾಯೊಗೆ ತನ್ನ ಪೀಠ ಎಲ್ಲಿ ಟೊಲೆಡೊದ ಕೈಕೆಳಗೆ ಹೋಗುತ್ತದೋ ಅನ್ನುವ ಭಯ. ಆಗ ಅವರು ಏನು ಮಾಡಿದರು ಗೊತ್ತಾ? ನೂರು ವರ್ಷ ಹಿಂದಿನ ಸಂಪೀರೊ ಅನ್ನುವವರ ಚರಿತ್ರೆಯನ್ನು ನಕಲು ಮಾಡಿಸುವಾಗ, ಒವಿಯೆಡೊಗೆ ಆರ್ಚ್‌ಬಿಷಪ್ ಪೀಠದ ಪಟ್ಟ ಕೊಟ್ಟ ಪೋಪ್ ಜಾನ್ ಪತ್ರಗಳನ್ನು, ಅಲ್ಲಿ ನಡೆದ ಧರ್ಮಸಭೆಯ ವರದಿಯನ್ನು ಮಧ್ಯೆ ತೂರಿಸಿದರು. ಇದು ಹೊರಗೆ ಬಂದದ್ದು ಹೇಗೆ ಅಂದರೆ, ಅದೇ ಶತಮಾನದ ಹಿಸ್ತೋರಿಯಾ ಸಿಲೆನ್ಸೆ ಅನ್ನುವ ಇನ್ನೊಂದು ಚರಿತ್ರೆಯೂ ಸಂಪೀರೊ ಬರೆದದ್ದನ್ನು ತನ್ನೊಳಗೆ ಇಟ್ಟುಕೊಂಡಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಸಿಲೆನ್ಸೆಯಲ್ಲಿ ಪತ್ರಗಳೂ ಇಲ್ಲ, ಸಭೆಯೂ ಇಲ್ಲ!

ಹಾಗಂತ ಪೆಲಾಯೊ ಅವರನ್ನು ಎತ್ತಿ ಎಸೆಯುವ ಹಾಗಿಲ್ಲ. ತಮ್ಮ ಕಾಲದ ರಾಜ 6ನೇ ಆಲ್ಫೊನ್ಸೊ, ಅವನ ರಾಣಿಯರು, ಮಕ್ಕಳ ಬಗ್ಗೆ ಅವರು ಬರೆದದ್ದನ್ನು ಇತಿಹಾಸಕಾರರು ಇವತ್ತಿಗೂ ಬಳಸುತ್ತಾರೆ. ರೊಡ್ರಿಗೊ ಅವರನ್ನೂ ಹಾಗೇ ಓದಬೇಕು. ಯುದ್ಧದ ಭಾಗವನ್ನು ಗಮನ ಕೊಟ್ಟು ಓದಿ. ಸ್ಪೇನಿನ ಎಲ್ಲ ಪೀಠಗಳಿಗಿಂತ ಟೊಲೆಡೊನೇ ಮೇಲು ಅನ್ನುವ ಮಾತು ಬಂದಾಗ ಮಾತ್ರ, ಅವರಿಗಿಂತ ಸ್ವಲ್ಪ ಮುಂಚೆ 3ನೇ ಫರ್ನಾಂಡೊನ ತಾಯಿ, ರಾಣಿ ಬೆರೆಂಗೆಲಾಗಾಗಿ ಚರಿತ್ರೆ ಬರೆದ ಲೆಯೋನಿನ ಪಾದ್ರಿ ಲೂಕಾಸ್ ಅವರ ಪುಸ್ತಕವನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.