ದಪ್ಪ ಅಕ್ಷರದ ನಂಬರು

ರಕ್ತದ ರಿಪೋರ್ಟು ಮೊದಲು ಬರುವುದು ಮಗನ ವಾಟ್ಸಾಪಿಗೆ. ಮಿತಿ ದಾಟಿದ್ದಕ್ಕೆ ದಪ್ಪ ಅಕ್ಷರದಲ್ಲಿ ಅಚ್ಚಾದ ನಂಬರು ಕಣ್ಣಿಗೆ ಹೊಡೆಯುತ್ತದೆ. ಡಾಕ್ಟರ್ ನೋಡುವಷ್ಟರಲ್ಲಿ ಮನೆಮಂದಿ ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಕಲಬುರಗಿಯಲ್ಲಿ ನಾನು ಆಪ್ತಸಲಹೆಗಾರ್ತಿ, ಇಂಥವರು ನನ್ನ ಬಳಿ ಪದೇ ಪದೇ ಬರುತ್ತಾರೆ. ಗುರುತು ಸಿಗದಂತೆ ಬದಲಿಸಿ ಒಬ್ಬರದ್ದು ಹೇಳುತ್ತೇನೆ.

ತೊಗರಿ ಬೆಳೆಯುವ ರೈತರು. ವಾರಕ್ಕೆ ಎರಡು ಸಲ ಡಯಾಲಿಸಿಸ್. ರಿಪೋರ್ಟಿನಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ 312 ಇತ್ತು, ದಪ್ಪ ಅಕ್ಷರದಲ್ಲಿ. ಮಗ ಮೊಬೈಲಿನಲ್ಲಿ ಹುಡುಕಿ 'ಲಿವರ್ ತೊಂದರೆ' ಎಂದು ಓದಿದ್ದ. ಹೆಂಡತಿ ಕೂತವರೇ ಕೇಳಿದರು: "ಕಿಡ್ನಿ ಹೋಗ್ಯಾವ. ಈಗ ಲಿವರ್ ಬಿ ಹೋಯ್ತೇನ್ರಿ ಮೇಡಂ?"

ಸಮಾಧಾನ ಹೇಳಿ ಕಳಿಸುವುದು ಸುಲಭವಿತ್ತು. ನಾನು ಗುಳಿಗೆಯ ಚೀಲ ತೆಗೆಸಿದೆ. ಒಂದು ಡಬ್ಬಿ ತುಂಬಿದ್ದು ತುಂಬಿದ ಹಾಗೇ ಇತ್ತು. ಅಲ್ಲಿವರೆಗೆ ಸುಮ್ನೆ ಕೂತಿದ್ದ ಯಜಮಾನರು ಆಗ ಬಾಯಿಬಿಟ್ಟರು: "ಊಟದಾಗ ನುಂಗೋದು ಬಿಟ್ಟೀನ್ರಿ. ಲಿವರ್‌ಗೆ ಹೀಟ್ ಆಗ್ತದಂತ. ಕಾಮಾಲೆ ಔಷಧ ಕುಡಿಲಿಕತ್ತೀನಿ."

ಬಿಟ್ಟಿದ್ದು ರಂಜಕ ಕಟ್ಟುವ ಗುಳಿಗೆ, ಅಂದರೆ ಊಟದಲ್ಲಿನ ರಂಜಕ (ಫಾಸ್ಫರಸ್) ರಕ್ತಕ್ಕೆ ಸೇರದಂತೆ ಹೊಟ್ಟೆಯಲ್ಲೇ ಹಿಡಿದಿಡುವಂಥದ್ದು. ಆಲ್ಕಲೈನ್ ಫಾಸ್ಫಟೇಸ್ ಲಿವರಿನಿಂದಲೂ ಬರುತ್ತದೆ, ಮೂಳೆಯಿಂದಲೂ ಬರುತ್ತದೆ. ಡಯಾಲಿಸಿಸ್‌ನವರಲ್ಲಿ ರಂಜಕ ಏರಿ, ಮೂಳೆಯಿಂದ ಕ್ಯಾಲ್ಸಿಯಂ ಸೆಳೆಯುವ ಪ್ಯಾರಾಥೈರಾಯ್ಡ್ ಹಾರ್ಮೋನ್ ಏರಿ, ಮೂಳೆ ಸವೆಯುವಾಗ ಇದು ಜಾಸ್ತಿಯಾಗುವುದು ಸಾಮಾನ್ಯ. ಅಂದರೆ ಯಾವ ಗುಳಿಗೆ ಮೂಳೆ ಕಾಯಬೇಕಿತ್ತೋ ಅದನ್ನೇ ನಿಲ್ಲಿಸಿದ್ದರು! ಮೇಲೆ ಕಾಮಾಲೆ ಔಷಧ ಅಂತ ಬೇರಿನ ಕಷಾಯ ಬೇರೆ. ಅದರಲ್ಲಿ ಪೊಟ್ಯಾಷಿಯಂ ಎಷ್ಟಿದೆಯೋ ಯಾರಿಗೆ ಗೊತ್ತು? ಕಿಡ್ನಿ ಕೆಲಸ ಮಾಡದವರಿಗೆ ಪೊಟ್ಯಾಷಿಯಂ ಏರಿದರೆ ಹೃದಯವೇ ನಿಲ್ಲಬಹುದು.

ಕಷಾಯ ಇವತ್ತೇ ನಿಲ್ಲಿಸಿ, ಇಲ್ಲಿಂದ ಸೀದಾ ಡಾಕ್ಟರ್ ಹತ್ತಿರ ಹೋಗಿ ಗುಳಿಗೆ ಬಿಟ್ಟಿದ್ದು, ಕಷಾಯ ಕುಡಿದದ್ದು ಎರಡನ್ನೂ ಬಾಯಿಬಿಟ್ಟು ಹೇಳಿ ಎಂದೆ. ಲಿವರಿನ ಇನ್ನೊಂದು ಕಿಣ್ವ ಜಿಜಿಟಿಯ ಟೆಸ್ಟ್ ಮಾಡಿಸಬೇಕಾ ಕೇಳಿ ಎಂದೂ ಹೇಳಿದೆ. ಲಿವರಿನದಾದರೆ ಸಾಮಾನ್ಯವಾಗಿ ಅದೂ ಏರಿರುತ್ತದೆ, ಮೂಳೆಯದಾದರೆ ಏರುವುದಿಲ್ಲ. ಅವರದು ನಾರ್ಮಲ್ ಬಂತು, ಪ್ಯಾರಾಥೈರಾಯ್ಡ್ ಹಾರ್ಮೋನ್ ಮಾತ್ರ ಸಿಕ್ಕಾಪಟ್ಟೆ ಏರಿತ್ತು. ಡಾಕ್ಟರ್ ಅದೇ ಗುಳಿಗೆ ಮತ್ತೆ ಶುರು ಮಾಡಿಸಿದರು. ರೊಟ್ಟಿ ತಿನ್ನುತ್ತಾ ನುಂಗಬೇಕು, ಬರೀ ಹೊಟ್ಟೆಯಲ್ಲಿ ನುಂಗಿದರೆ ಅದಕ್ಕೆ ಕಟ್ಟಲು ಏನೂ ಸಿಗುವುದಿಲ್ಲ.

ನಂಬರಿನ ಉಸಾಬರಿ ಆಪ್ತಸಲಹೆಗಾರರಿಗೆ ಯಾಕೆ ಅನ್ನುವವರಿದ್ದಾರೆ. ಚಿಕಿತ್ಸೆ ನಾನು ಹೇಳುವುದಿಲ್ಲ. ಆದರೆ ಹೆದರಿಕೆ ಹುಟ್ಟಿದ್ದೇ ನಂಬರಿನಿಂದ ಅಲ್ವಾ? ಅದನ್ನು ಮುಟ್ಟದೆ 'ಧೈರ್ಯವಾಗಿರಿ' ಅಂದರೆ ಮನೆಗೆ ಹೋಗಿ ಮತ್ತೆ ಕಷಾಯವನ್ನೇ ಕುಡಿಯುತ್ತಾರೆ.

ನನಗೆ ಇನ್ನೂ ಜಾಸ್ತಿ ಚಿಂತೆ ಹತ್ತಿದ್ದು ಅದೇ ಹಾಳೆಯಲ್ಲಿ ಯಾರೂ ನೋಡದ ಸಾಲಿನದು. ಲಿವರಿಗೆ ಪೆಟ್ಟಾದರೆ ಏರುವ ಕಿಣ್ವ ಎಸ್‌ಜಿಪಿಟಿ 34, ದಪ್ಪ ಅಕ್ಷರ ಇಲ್ಲ. ಡಯಾಲಿಸಿಸ್‌ನವರಲ್ಲಿ ಈ ಕಿಣ್ವ ಉಳಿದವರಿಗಿಂತ ಕಡಿಮೆಯೇ ಇರುತ್ತದೆ, ಬಿ6 ವಿಟಮಿನ್ ಕೊರತೆ ಅದಕ್ಕೊಂದು ಕಾರಣ. ಪಕ್ಕದಲ್ಲಿ ಅಚ್ಚಾಗಿರುವ ಮಿತಿ ಕಿಡ್ನಿ ನೆಟ್ಟಗಿರುವವರದ್ದು. ಹಾಗಾಗಿ ರಕ್ತದಿಂದ ಹರಡಿ ಲಿವರ್ ಕೆಡಿಸುವ ಹೆಪಟೈಟಿಸ್ ಸಿ ವೈರಸ್ ಇದ್ದರೂ ನಂಬರು 'ನಾರ್ಮಲ್' ಕಾಣಬಹುದು. ಹಳೆಯ ರಿಪೋರ್ಟುಗಳಲ್ಲಿ ಇವರದು 15ರ ಆಸುಪಾಸಿನಲ್ಲಿತ್ತು. 6 ತಿಂಗಳಿಗೊಮ್ಮೆ ಆಗಬೇಕಾದ ಹೆಪಟೈಟಿಸ್ ಸಿ ಪರೀಕ್ಷೆ ಯಾವಾಗ ಆಯ್ತು ಎಂದು ಕೇಳಿದರೆ ಮೂವರೂ ಮುಖ ಮುಖ ನೋಡಿಕೊಂಡರು. ಡಾಕ್ಟರಿಗೆ ಕೇಳಬೇಕಾದ್ದರಲ್ಲಿ ಇದನ್ನೂ ಮಗನ ಕೈಯಲ್ಲಿ ಬರೆಸಿದೆ. ಪರೀಕ್ಷೆ ಆಯಿತು, ನೆಗೆಟಿವ್ ಬಂತು. ಎಸ್‌ಜಿಪಿಟಿ ಏಕೆ ಏರಿತು ಎಂದು ಡಾಕ್ಟರ್ ಇನ್ನೂ ನೋಡುತ್ತಿದ್ದಾರೆ. ಅವರ ಮೊದಲ ಅನುಮಾನ ಆ ಕಷಾಯದ ಮೇಲೆ.