ಐನ್‌ಮನೆಯ ಪುಟ್ಟ ಫಿರಂಗಿ ಯಾರದ್ದು?

ಪ್ರಶ್ನೆ: ಸರ್, ನಮ್ಮ ಐನ್‌ಮನೇಲಿ, ಅಂದ್ರೆ ಕುಟುಂಬದ ಮೂಲ ಮನೇಲಿ, ಮೊಳದುದ್ದದ ಕಂಚಿನ ಫಿರಂಗಿ ಇದೆ. ಮೇಲೆ ಕಿರೀಟ, ಮೂರು ಹೂವಿರೋ ಗುರಾಣಿ, ಹಿಂದುಗಡೆ ಹುಂಜದ ತಲೆ. ಫ್ರೆಂಚರದ್ದು ಅಂತ ಅಜ್ಜ ಹೇಳ್ತಿದ್ರು. ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿ ಜೊತೆ ಇಟ್ಟು ಪೂಜೆ ಮಾಡ್ತೀವಿ. ಇದು ಮಕ್ಕಳಾಟದ ಸಾಮಾನಾ? ಈ ಸಲ ಹುಣಸೆಹಣ್ಣು ಹಾಕಿ ಉಜ್ಜಿ, ಮದ್ದು ತುಂಬಿ ಹೊಡೆದು ನೋಡ್ಬೋದಾ?
ಓದುಗರು, ವಿರಾಜಪೇಟೆ

ಉತ್ತರ: ಮದ್ದು ಖಂಡಿತ ಬೇಡ, ಹಳೇ ಎರಕದೊಳಗೆ ಬಿರುಕಿದ್ರೆ ಹೊರಗೆ ಕಾಣಲ್ಲ, ಸಿಡಿದ್ರೆ ಪಕ್ಕದಲ್ಲಿರೋರ ಗತಿ ಏನು. ಹುಣಸೆಹಣ್ಣೂ ಬೇಡ, ಒಣ ಬಟ್ಟೇಲಿ ಒರೆಸಿ ಸಾಕು, ಯಾಕಂದ್ರೆ ಯಾರದ್ದು ಅಂತ ಹೇಳೋದೇ ಆ ಕೆತ್ತನೆ, ಉಜ್ಜಿ ಉಜ್ಜಿ ಸವೆದ್ರೆ ಮತ್ತೆ ಬರಲ್ಲ.

ಆ ಹುಂಜದ ತಲೆ ಓದಿ ನನಗೆ ನಿಜವಾಗ್ಲೂ ಖುಷಿ ಆಯ್ತು. 1732ರಲ್ಲಿ ವಾಲಿಯೇರ್ ಅನ್ನೋ ಅಧಿಕಾರಿ ಫ್ರಾನ್ಸಿನ ಫಿರಂಗಿಗಳನ್ನ ಐದು ಅಳತೆಗೆ ತಂದ, ಗುಂಡಿನ ತೂಕದ ಲೆಕ್ಕದಲ್ಲಿ 4, 8, 12, 16, 24 ಪೌಂಡು, ಒಂದೊಂದಕ್ಕೂ ಹಿಂಭಾಗದಲ್ಲಿ ಬೇರೆ ಬೇರೆ ಮುಖ: 8ಕ್ಕೆ ಕೋತಿ, 12ಕ್ಕೆ ಹುಂಜ, 24ಕ್ಕೆ ಮದ್ಯದ ದೇವರು ಬಾಕಸ್. ಅಂದ್ರೆ ನಿಮ್ಮದು 12 ಪೌಂಡಿನ ಫಿರಂಗಿಯ ಪುಟ್ಟ ಮಾಡೆಲ್ ಇರ್ಬೇಕು. ಕಿರೀಟ, ಮೂರು ಲಿಲಿ ಹೂವು ಫ್ರಾನ್ಸಿನ ರಾಜಂದು. ಆದ್ರೆ ಹೂವಿನ ಮಧ್ಯೆ ಸಣ್ಣ ಓರೆ ಕೋಲು ಇದ್ಯಾ ಅಂತ ಭೂತಗನ್ನಡಿ ಹಿಡಿದು ನೋಡಿ. ಇದ್ರೆ ಕಥೆ ಬೇರೆ. ಹದಿನಾಲ್ಕನೇ ಲೂಯಿಯ ಮದುವೆಯಾಚೆಗಿನ ಮಗ ಮೇನ್ ಡ್ಯೂಕನ ಗುರುತು ಅದು, 1694ರಿಂದ ಸಾಯೋವರೆಗೂ ಫಿರಂಗಿ ಪಡೆಯ ಗ್ರ್ಯಾಂಡ್ ಮಾಸ್ಟರ್, ಅಂದ್ರೆ ಮುಖ್ಯಸ್ಥ, ಅವನೇ, 1736ರಲ್ಲಿ ಆ ಪದವಿ ಮಗ ಯೂ ಕೌಂಟನಿಗೆ ಹೋಯ್ತು, 1755ರಲ್ಲಿ ಪದವಿಯೇ ರದ್ದಾಯ್ತು.

ಇಂಥ ಮಾಡೆಲ್ ಬರೀ ಶ್ರೀಮಂತರ ಮಕ್ಕಳಾಟಕ್ಕಲ್ಲ. ಹೊಸ ವಿನ್ಯಾಸ ತೋರಿಸೋಕೆ, ಅಧಿಕಾರಿಗಳಿಗೆ ಪಾಠ ಹೇಳೋಕೂ ಬಳಸ್ತಿದ್ರು, ಪ್ಯಾರಿಸ್ಸಿನ ಸೇನಾ ಮ್ಯೂಸಿಯಂನಲ್ಲಿ ಈಗ್ಲೂ ಇವೆ. ಗುರಾಣಿ ಎಲ್ಲಾದ್ರೂ ಕೆರೆದಂತಿದ್ರೆ ಬೇಜಾರಾಗ್ಬೇಡಿ, 1790ರ ಜೂನ್‌ನಲ್ಲಿ ಫ್ರಾನ್ಸಿನ ಕ್ರಾಂತಿಯ ಹೊತ್ತಲ್ಲಿ ವಂಶಪಾರಂಪರ್ಯ ಕುಲೀನ ಪದವಿಗಳ ಜೊತೆ ಕುಲಲಾಂಛನಗಳನ್ನೂ ರದ್ದು ಮಾಡಿದ್ರು, ಆಗ ಎಷ್ಟೋ ಕೆತ್ತನೆ ಅಳಿಸಿ ಹೋದವು.

ಒಂದು ಎಚ್ಚರ, ಹತ್ತೊಂಬತ್ತನೇ ಶತಮಾನದಲ್ಲಿ ಡ್ರಾಯಿಂಗ್ ರೂಂ ಅಲಂಕಾರಕ್ಕೆ ನಕಲುಗಳೂ ಬಂದಿವೆ, ಬತ್ತಿ ತೂತು ಒಳಗಿನ ನಳಿಕೆವರೆಗೂ ಹೋಗಿದ್ಯಾ, ಕೆತ್ತನೆ ಅಂಚು ಚೂಪಾಗಿದ್ಯಾ ನೋಡಿ. ನೂರು ವರ್ಷ ದಾಟಿದ್ದು ಅಂತಾದ್ರೆ ಪುರಾತನ ವಸ್ತುಗಳ 1972ರ ಕಾಯ್ದೆ ಪ್ರಕಾರ ನೀವು ಅದನ್ನ ವಿದೇಶಕ್ಕೆ ಮಾರೋ ಹಾಗಿಲ್ಲ, ಫೋಟೋ ನೋಡಿ ಯಾರಾದ್ರೂ ಆಸೆ ತೋರಿಸಿದ್ರೂ ಕೊಡ್ಬೇಡಿ.